ಹಾಲಿ ಐವತ್ತು

"ತೂಕಕ್ಕ ಕೊಟ್ಟು ಕೈ ತೊಳಕೊಳ್ಳೋಣು ವೈಜ್ಯಾ," ಎಂದಳು ಮಾಣಿಕಮ್ಮ. "ಬೆಳ್ಳಿ ಅಂದ್ರ ಬೆಳ್ಳಿ. ಅದರ ಜಾತಕ ಯಾರಿಗೆ ಬೇಕಾಗ್ಯದ?"

"ಅವ್ವಾ, ನೀ ಸುಮ್ನ ಕೂಡು," ಎಂದ ಮಗ ವೈಜನಾಥ. "ಶೀತಲ್, ನೀ ಟೈಪ್ ಮಾಡು."

ಶೀತಲ್ ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡೇ ಕಾದಳು. ಬಸವಕಲ್ಯಾಣದ ತಹಸೀಲ್ ಕಚೇರಿಯ ಆವರಣದಲ್ಲಿ, ಬೇವಿನ ಮರದ ಕೆಳಗೆ, ಅವಳ ಟೈಪ್‌ರೈಟರ್ ಮುಂದೆ ಬಂದು ಕೂರುವವರೆಲ್ಲ ಹೀಗೆಯೇ. ಮೊದಲು "ಟೈಪ್ ಮಾಡು" ಅನ್ನುತ್ತಾರೆ, ಆಮೇಲೆ ಜಗಳ ಶುರು ಮಾಡುತ್ತಾರೆ.

ಮೇಜಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ನಲವತ್ತು ದಿನಗಳ ಹಿಂದೆ ಮಂಠಾಳದ ಕಿರಾಣಿ ಅಂಗಡಿಯಿಂದ ಕಳುವಾಗಿದ್ದ ಡಬ್ಬಿ, ಕಳೆದ ಸೋಮವಾರ ಬೆಳಿಗ್ಗೆ ಅದೇ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಂತೆ ಸಿಕ್ಕಿತ್ತು. ಪೊಲೀಸರು ಖುಷಿಯಿಂದ ಫೈಲು ಮುಚ್ಚಿದರು. ಕದ್ದವನಿಗೆ ವಾಪಸು ತಂದಿಡುವ ಉಸಾಬರಿ ಯಾಕೆ ಎಂದು ತಲೆ ಕೆಡಿಸಿಕೊಂಡವಳು ಶೀತಲ್ ಒಬ್ಬಳೇ. ಕಳವಿನ ದೂರನ್ನು ಟೈಪ್ ಮಾಡಿದ್ದವಳೂ ಅವಳೇ; ಡಬ್ಬಿಯಲ್ಲಿ ಎಷ್ಟಿತ್ತೆಂದು ಅದರಲ್ಲಿ ಬರೆಸಿರಲಿಲ್ಲ. ಆ ಅಂಗಡಿಯ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವಳು; ಮಾಣಿಕಮ್ಮನ ಕೈಯ ರೊಟ್ಟಿ ತಿಂದು ದೊಡ್ಡವಳಾದವಳು.

ಡಬ್ಬಿಯೊಳಗಿನದು ಮಾಣಿಕಮ್ಮನ ಗಂಡ ದೇವಿಂದ್ರಪ್ಪ ಮೂವತ್ತು ವರ್ಷ ಕೂಡಿಟ್ಟ ಹಳೆಯ ನಾಣ್ಯಗಳು. ಗಿರಾಕಿಗಳು ಚಲಾವಣೆ ಇಲ್ಲವೆಂದು ಬಿಟ್ಟುಹೋದವನ್ನು ಅವನು ಬಿಸಾಡಲಿಲ್ಲ. ಅವನು ಸತ್ತು ಮೂರು ವರ್ಷವಾಗಿತ್ತು.

"ತೂಕಕ್ಕ ಅಂದ್ರ ಹುಮನಾಬಾದಿನ ಸರಾಫ ಒಂದೇ ತಾಸಿನಾಗ ತಗೊಂಡು ಕರಗಿಸಿಬಿಡ್ತಾನ," ವೈಜನಾಥ ಬೆರಳು ಮಡಚಿದ. "ಹೈದರಾಬಾದಿನ ವ್ಯಾಪಾರಿ ಛಲೋವು ನಾಕು ಆರಿಸಿಕೊಂಡು ಉಳಿದದ್ದು ನಮ್ಮ ಉಡ್ಯಾಗ ಹಾಕಿ ಕಳಸ್ತಾನ. ಮುಂಬಯಿ ಹರಾಜಿನಾಗ ಹಂಗಲ್ಲ, ಅವರ ಏಜೆಂಟ ಹುಮನಾಬಾದಿಗೇ ಬಂದಾನ. ಫೋಟೊ ತಗೀತಾರ, ಪುಸ್ತಕದಾಗ ಛಾಪಸ್ತಾರ, ಹತ್ತು ಮಂದಿ ಕೂಗತಾರ. ಬೆಳ್ಳಿ ತೂಕದ ಇಪ್ಪತ್ತು ಪಟ್ಟು ಬರ್ತದ."

"ಮತ್ತ ಅವರ ಏಜೆಂಟ ಹುಮನಾಬಾದಿಗೆ ಯಾಕ ಬಂದಾನ?" ಪಕ್ಕದ ಮೇಜಿನಿಂದ ಸೈಫುದ್ದೀನ್ ಚಾಚಾ ಕೇಳಿದರು. ತಹಸೀಲಿನಲ್ಲಿ ಗುಮಾಸ್ತರಾಗಿ ನಿವೃತ್ತರಾಗಿ, ಈಗ ಅದೇ ತಹಸೀಲಿನ ವಿರುದ್ಧ ಜನರಿಗೆ ಅರ್ಜಿ ಬರೆದುಕೊಡುವವರು. "ಮುಂಬೈದಾಗ ನಾಣ್ಯ ತೀರಿದವೇನು?"

"ಚಾಚಾ, ನಿಮ್ಮ ಅರ್ಜಿ ನೀವು ಬರೀರಿ."

"ಬರ್ಯಾಕತ್ತೇನಿ. ಕಿವಿ ಖಾಲಿ ಅವ, ಕೇಳಾಕತ್ತಾವ."

ಏಜೆಂಟನ ಹೆಸರು ಬಸವಕಿರಣ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಳಿದುಕೊಂಡಿದ್ದ. ಸಂಜೆ ನಾಲ್ಕರ ಬಸ್ಸಿಗೆ ಹೈದರಾಬಾದಿಗೆ ಹೊರಡುವವನು. ಹರಾಜಿಗೆ ಒಂದು ಕಾಗದ ಬೇಕೆಂದಿದ್ದ: ಈ ನಾಣ್ಯಗಳು ನಮ್ಮ ಮನೆಯವೇ, ಗಂಡನ ಕಾಲದಿಂದ ನಮ್ಮ ವಶದಲ್ಲೇ ಇವೆ ಎಂದು ಮಾಣಿಕಮ್ಮ ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಿದ ಅಫಿಡವಿಟ್.

ಶೀತಲ್ ಟೈಪ್ ಮಾಡಿದಳು. ಮಾಣಿಕಮ್ಮ ಗಂಡ ದಿವಂಗತ ದೇವಿಂದ್ರಪ್ಪ, ವಯಸ್ಸು ಅರವತ್ತೊಂದು, ಹಾಲಿ ವಸ್ತಿ ಮಂಠಾಳ. ದಿನಕ್ಕೆ ಇಪ್ಪತ್ತು ಸಲ ಟೈಪ್ ಮಾಡುವ ಸಾಲು. ಅವಳ ಬೆರಳಿಗೆ ಇದು ಬಾಯಿಪಾಠ.

"ಎಷ್ಟು ನಾಣ್ಯ ಅಂತ ಬರೀಲಿ ವೈಜಣ್ಣ?"

"ನಾ ಎಣಿಸಿಲ್ಲ. ಅಪ್ಪ ಬರೆದ ಚೀಟಿ ಅದರಾಗೇ ಅದ, ನೋಡು."

ಚಹಾಪುಡಿಯ ಪೊಟ್ಟಣದ ಹಿಂಬದಿಯಲ್ಲಿ ದೇವಿಂದ್ರಪ್ಪನ ದುಂಡನೆಯ ಅಕ್ಷರ. *ಕಲ್ದಾರ ೩೨. ಹಳೇವು ೧೮. ಹಾಲಿ ೫೦.*

ಶೀತಲ್ ಡಬ್ಬಿಯನ್ನು ಟವೆಲ್ಲಿನ ಮೇಲೆ ಸುರುವಿ ಎಣಿಸಿದಳು. ರಾಜನ ತಲೆ, ರಾಣಿಯ ತಲೆ ಇದ್ದ ಬ್ರಿಟಿಷ್ ಬೆಳ್ಳಿ ರೂಪಾಯಿ ಮೂವತ್ತೆರಡು. ಉರ್ದುವಿನಂಥ ಅಕ್ಷರಗಳಿದ್ದ ಸಣ್ಣ, ದಪ್ಪ ಬೆಳ್ಳಿ ನಾಣ್ಯ ಹದಿನೆಂಟು. ಒಟ್ಟು ಐವತ್ತು. ಲೆಕ್ಕ ಕೂಡಿತು. *ಸದರಿ ಡಬ್ಬಿಯಲ್ಲಿ ಹಾಲಿ ಐವತ್ತು ನಾಣ್ಯಗಳು ಇರುತ್ತವೆ* ಎಂದು ಟೈಪ್ ಮಾಡಿ ಕೈ ಎತ್ತಿದಳು.

ಬೆರಳ ತುದಿ ಕಪ್ಪಾಗಿತ್ತು. ಟೈಪ್‌ರೈಟರ್ ರಿಬ್ಬನ್ನಿನ ಮಸಿಯಲ್ಲ, ನಾಣ್ಯದ ಕಿಲುಬು.

ಅವಳು ಕೈ ನೋಡಿಕೊಳ್ಳುತ್ತ ಕೂತಳು. ಮಂಠಾಳದಲ್ಲಿ ಅವಳು ಕಂಡ ಪ್ರತಿ ದೀಪಾವಳಿಗೂ ಮಾಣಿಕಮ್ಮ ಈ ಡಬ್ಬಿಯನ್ನು ಹಿತ್ತಲ ಬಚ್ಚಲಿಗೆ ಒಯ್ದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದಳು. ಲಕ್ಷ್ಮೀ ಪೂಜೆಗೆ ಅಂಗಡಿಯ ಗಲ್ಲೆಯ ಮೇಲೆ ಹರಡಿದರೆ ಕಣ್ಣು ಕುಕ್ಕುವ ಹಾಗೆ ಹೊಳೆಯಬೇಕು. ರಾಜನ ಮೂಗು ಸವೆದುಹೋಗಿತ್ತು ಎಂದು ಮಕ್ಕಳೆಲ್ಲ ನಗುತ್ತಿದ್ದರು; ಮಿಕ್ಕ ನಾಣ್ಯಗಳು ಅವಳಿಗೆ ನೆನಪಿರಲಿಲ್ಲ. ಇಲ್ಲಿ ರಾಜನ ಮೂಗು ಸರಿಯಾಗಿತ್ತು. ಮೀಸೆಯ ಕೂದಲೂ ಎಣಿಸಬಹುದಿತ್ತು.

"ಆಯಿ, ಈ ಸಲ ದೀಪಾವಳಿಗೆ ನಾಣ್ಯ ತೊಳದಿದ್ರೇನು?"

ಮಾಣಿಕಮ್ಮ ಸೆರಗಿನ ತುದಿ ಸುತ್ತುತ್ತಿದ್ದಳು. "ತೊಳದಿದ್ದೆ ಅನಸ್ತದ."

"ಅಂದ್ರ ಮೂರು ತಿಂಗಳ ಹಿಂದ. ಇಷ್ಟು ಕಪ್ಪ ಹ್ಯಾಂಗಾದವು?"

"ಕಳ್ಳ ಯಾವ ತಿಪ್ಪಿಯಾಗ ಹುಗಿದಿಟ್ಟಿದ್ನೋ!" ಎಂದ ವೈಜನಾಥ. "ಛಲೋನೇ ಆತು ಬಿಡು. ತೊಳೆದ ನಾಣ್ಯಕ್ಕ ಅರ್ಧ ಬೆಲಿ ಹೋಗ್ತದಂತ. ಬಸವಕಿರಣ ಸಾಹೇಬ್ರು ಹೇಳ್ಯಾರ."

ಶೀತಲ್‌ಗೆ ಇದು ಇನ್ನೂ ಗೋಜಲಾಯಿತು. ಕಳ್ಳ ಸವೆದ ನಾಣ್ಯ ಒಯ್ದು ಹೊಚ್ಚ ಹೊಸ ಮೂಗಿನ ನಾಣ್ಯ ತಂದಿಟ್ಟನೇ? ಕಡಿಮೆ ಬೆಲೆಯದನ್ನು ಕದ್ದು ಹೆಚ್ಚಿನದನ್ನು ಕೊಟ್ಟು ಹೋಗುವ ಕಳ್ಳನ ಮೇಲೆ ಯಾವ ಕಲಮು ಹಾಕುತ್ತಾರೆ?

ಸೈಫುದ್ದೀನ್ ಚಾಚಾ ಕನ್ನಡಕ ಏರಿಸಿಕೊಂಡು ಎದ್ದು ಬಂದರು. ಹದಿನೆಂಟರಲ್ಲಿ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ಇನ್ನೊಂದನ್ನು, ಮತ್ತೊಂದನ್ನು.

"ಇದು ಉರ್ದು ಅಲ್ಲ ಬೇಟಿ. ಅರಬ್ಬಿ. ಬಾದಶಹರ ಕಾಲದ ಟಂಕಾ. ನಮ್ಮ ಕಿಲ್ಲೇದಷ್ಟೇ ಹಳೇವು." ಉಗುರಿನಿಂದ ಅಕ್ಷರದ ಸಂದಿಯನ್ನು ಕೆರೆದರು. ಕೆಂಪು ಮಣ್ಣು ಉದುರಿತು. "ಹದಿನೆಂಟಕ್ಕೂ ಒಂದೇ ಮಣ್ಣು. ಹದಿನೆಂಟು ಗಿರಾಕಿ ಬಂದು ಕೊಟ್ಟಿದ್ರ ಹದಿನೆಂಟು ನಮೂನಿ ಕೊಳಿ ಇರ್ತಿತ್ತು. ಇವು ಒಂದೇ ಗಡಿಗ್ಯಾಗ, ಒಂದೇ ನೆಲದಾಗ ಮಲಗಿದ್ದವು."

ಶೀತಲ್ ನಾಣ್ಯಗಳಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ಈ ಆವರಣದಲ್ಲಿ ಆರು ವರ್ಷ ಕೂತವರಿಗೆ ಅಷ್ಟು ಕಾನೂನು ಗೊತ್ತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಮುಚ್ಚಿಟ್ಟು ಮಾರಿದವನು ಜೈಲಿಗೆ ಹೋಗುತ್ತಾನೆ. ಇದು ನನ್ನ ಮನೆಯ ಸೊತ್ತು ಎಂದು ಹೆಬ್ಬೆಟ್ಟು ಒತ್ತಿದವಳು ಎಲ್ಲರಿಗಿಂತ ಮೊದಲು ಹೋಗುತ್ತಾಳೆ.

ಚಾಚಾ ಅಷ್ಟರಲ್ಲಿ ಟೈಪ್‌ರೈಟರಿನ ಕಾಗದಕ್ಕೆ ಬಗ್ಗಿದ್ದರು. ಓದಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಲಿ ಐವತ್ತು ನಾಣ್ಯಗಳು ಇರುತ್ತವೆ! ಯಾ ಅಲ್ಲಾ. ಬೇಟಿ, ಹಾಲಿ ಅಂದ್ರ ಏನಂತ ತಿಳದಿ?"

"ಹಾಲಿ ಅಂದ್ರ… ಈಗ. ಹಾಲಿ ವಸ್ತಿ ಮಂಠಾಳ."

"ಅದು ನಿನ್ನ ಅಫಿಡವಿಟ್ಟಿನ ಹಾಲಿ. ಇದು ನಿಜಾಮರ ಹಾಲಿ. ಹಾಲಿ ಸಿಕ್ಕಾ! ಇಂಗ್ರೇಜರ ರೂಪಾಯಿಗೆ ಕಲ್ದಾರ್ ಅಂತಿದ್ರು, ನಮ್ಮ ರೂಪಾಯಿಗೆ ಹಾಲಿ ಅಂತಿದ್ರು. ಏಳು ಹಾಲಿ ಕೊಟ್ರ ಆರು ಕಲ್ದಾರ್. ನಮ್ಮ ಅಪ್ಪನ ಮೊದಲ ಪಗಾರ ಹಾಲಿಯಾಗ ಬಂದಿತ್ತು. ಅದರ ಮ್ಯಾಲ ಚಾರ್ಮಿನಾರ್ ಇರ್ತದ. ಇದರಾಗ ಒಂದು ಚಾರ್ಮಿನಾರ್ ತೋರ್ಸು ನೋಡೋಣು."

ಒಂದೂ ಇರಲಿಲ್ಲ.

ಕಲ್ದಾರ ಮೂವತ್ತೆರಡು, ಹಳೇವು ಹದಿನೆಂಟು, ಹಾಲಿ ಐವತ್ತು. ಚೀಟಿಯಲ್ಲಿದ್ದದ್ದು ಒಟ್ಟು ಮೊತ್ತವಲ್ಲ, ಮೂರನೆಯ ಬಾಬತ್ತು. ಡಬ್ಬಿಯಲ್ಲಿ ನೂರು ನಾಣ್ಯ ಇರಬೇಕಿತ್ತು.

"ಕಳ್ಳ ಅರ್ಧ ತಗೊಂಡ, ಅರ್ಧ ಬಿಟ್ಟ," ವೈಜನಾಥ ಗಡಬಡಿಸಿ ನಾಣ್ಯಗಳನ್ನು ಡಬ್ಬಿಗೆ ತುಂಬತೊಡಗಿದ. "ಆತಲ್ಲ. ಇದ್ದದ್ದರ ಮ್ಯಾಲ ಬರಿ. ಹೊತ್ತಾಗಾಕತ್ತದ."

ಶೀತಲ್ ಮಾಣಿಕಮ್ಮನನ್ನು ನೋಡಿದಳು. ಮೂವತ್ತು ವರ್ಷ ಆ ನಾಣ್ಯಗಳನ್ನು ಒಂದೊಂದಾಗಿ ಉಜ್ಜಿದ ಕೈ. ಚಾರ್ಮಿನಾರ್ ಇಲ್ಲದ್ದು ಅವಳಿಗೆ ಸೋಮವಾರವೇ ಗೊತ್ತಾಗಿರಬೇಕು. ಅವಳು ನೆಲ ನೋಡುತ್ತಿದ್ದಳು.

ಶೀತಲ್ ಕಾಗದವನ್ನು ಯಂತ್ರದಿಂದ ಎಳೆದು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದೇನಿದು?" ಎಂದ ವೈಜನಾಥ.

"ತಪ್ಪು ಟೈಪ್ ಮಾಡಿದ ಕಾಗದ ನನ್ನ ಕೈ ಬಿಟ್ಟು ಹೋಗಂಗಿಲ್ಲ. ನಾನೂ ಹುಮನಾಬಾದಿಗೆ ಬರ್ತೀನಿ. ಸಾಹೇಬ್ರನ್ನ ಕೇಳಿ ಅಲ್ಲೇ ತಿದ್ದುತೀನಿ."

"ನಡೀ ಮತ್ತ," ಎಂದ ಅವನು ಹಲ್ಲು ಕಚ್ಚಿ. "ಬಸ್ ಚಾರ್ಜು ನೀನ ಕೊಡು."

ಬಸ್ಸಿನಲ್ಲಿ ಮಾಣಿಕಮ್ಮ ಕಿಟಕಿಗೆ ಕೂತಳು, ಶೀತಲ್ ಅವಳ ಪಕ್ಕಕ್ಕೆ. ವೈಜನಾಥ ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿ ಹಿಡಿಯಿತು. ಕೊಯ್ಲಾದ ಜೋಳದ ಹೊಲಗಳು ಬೋಳಾಗಿ ಬಿದ್ದಿದ್ದವು.

ಒಂದು ಸಂಗತಿ ಮಾತ್ರ ಶೀತಲ್‌ಗೆ ಸ್ಪಷ್ಟವಿತ್ತು. ಈ ಡಬ್ಬಿ ತುಂಬಿಸಿದವನು ಹಳೆಯ ಡಬ್ಬಿಯನ್ನು ಕಂಡವನಲ್ಲ. ಕಂಡಿದ್ದರೆ ನೂರು ತುಂಬುತ್ತಿದ್ದ. ಅವನ ಬಳಿ ಚೀಟಿ ಮಾತ್ರ ಇತ್ತು. ಅವನೂ ಅವಳ ಹಾಗೆಯೇ *ಹಾಲಿ ೫೦* ಎಂಬುದನ್ನು ಸದ್ಯಕ್ಕೆ ಐವತ್ತು ಎಂದು ಓದಿದ್ದ. ಮೂವತ್ತೆರಡು, ಹದಿನೆಂಟು, ಐವತ್ತಕ್ಕೆ ಸರಿಯಾಗಿ ಕೂಡಿಸಿಟ್ಟಿದ್ದ.

ಹಾಗಾದರೆ ಕದ್ದವನು ಬೇರೆ, ತಂದಿಟ್ಟವನು ಬೇರೆ. ಚೀಟಿ ಒಬ್ಬನಿಂದ ಇನ್ನೊಬ್ಬನ ಕೈಗೆ ಹೋದದ್ದು ಹೇಗೆ? ಇಲ್ಲಿಗೆ ಬಂದ ಕೂಡಲೇ ಅವಳ ತಲೆ ಕೆಟ್ಟುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

"ಆಯಿ," ಎಂದಳು ಮೆಲ್ಲಗೆ. "ಹಾಲಿ ರೂಪಾಯಿ ಎಲ್ಲಿ ಹೋದವು?"

"ಬಿಸಿಲು ನೋಡವ್ವಾ," ಎಂದಳು ಮಾಣಿಕಮ್ಮ ಕಿಟಕಿಯಾಚೆ ನೋಡುತ್ತ. "ಇನ್ನಾ ಶಿವರಾತ್ರಿ ಆಗಿಲ್ಲ."

ಲಾಡ್ಜಿನ ಕೋಣೆಯಲ್ಲಿ ಬಸವಕಿರಣ ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡು ಕಾಯುತ್ತಿದ್ದ. ಮೈಸೂರು ಕಡೆಯವನು. ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಭೂತಗನ್ನಡಿ, ಶಾಯಿ ಪ್ಯಾಡು, ಕಾಗದಗಳ ಕಟ್ಟು.

"ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ. ಟೀ ಹೇಳಲಾ?"

"ಟೀ ಆಮ್ಯಾಲ್ರಿ," ಎಂದಳು ಶೀತಲ್. "ಮೊದಲ ಒಂದು ಕೇಳಬೇಕಾಗ್ಯದ. ನಮ್ಮಾಯಿ ಇಲ್ಲೇ ಸರಾಫನಿಗೆ ತೂಕಕ್ಕ ಕೊಟ್ಟುಬಿಡ್ತೀನಿ ಅಂತಾಳ. ನೀವೇನಂತೀರಿ?"

ಬಸವಕಿರಣನಿಗೆ ಇಷ್ಟದ ವಿಷಯವೇ ಸಿಕ್ಕಿತು. "ದಯವಿಟ್ಟು ಬೇಡಿ. ಸರಾಫರಿಗೆ ಬೆಳ್ಳಿ ಮಾತ್ರ ಕಾಣುತ್ತೆ, ಇತಿಹಾಸ ಕಾಣಲ್ಲ. ವ್ಯಾಪಾರಿಗೆ ಕೊಟ್ರೆ ಆತ ತನ್ನ ಲಾಭ ನೋಡ್ಕೋತಾನೆ. ಹರಾಜಲ್ಲಿ ಮಾತ್ರ ನಾಣ್ಯಕ್ಕೆ ಅದರ ನಿಜವಾದ ಬೆಲೆ. ಆದ್ರೆ ಕೊಳ್ಳೋರು ಕೇಳೋದು ಒಂದೇ: ಇದು ಯಾರ ಮನೆಯಿಂದ ಬಂತು? ಒಂದು ಒಳ್ಳೆ ಮನೆತನದ ಕಾಗದ ಜೊತೆಗಿದ್ರೆ ಬೆಲೆ ಮೂರು ಪಟ್ಟು."

"ಅಂದ್ರ ನೀವು ಮಾರೋದು ನಾಣ್ಯ ಅಲ್ಲ. ಆಯಿ ಹೆಸರು."

ಅವನು ನಕ್ಕ. "ಚೆನ್ನಾಗಿ ಹೇಳಿದ್ರಿ."

ಅವನು ಕಟ್ಟಿನಿಂದ ಒಂದು ರಸೀದಿ ತೆಗೆದು ಮಾಣಿಕಮ್ಮನ ಮುಂದಿಟ್ಟ. ಡಬ್ಬಿ ಇನ್ನೂ ವೈಜನಾಥನ ಕಂಕುಳಲ್ಲೇ ಇತ್ತು. ಶೀತಲ್ ರಸೀದಿಯನ್ನು ತಲೆಕೆಳಗಾಗಿಯೇ ಓದಿದಳು. *ಬ್ರಿಟಿಷ್ ರೂಪಾಯಿ ೩೨, ಪುರಾತನ ೧೮, ಒಟ್ಟು ೫೦.*

"ಸರ್, ಹಾಲಿ ಅಂದ್ರೇನ್ರಿ?"

"ಹಾಲಿ ಅಂದ್ರೆ ಈಗಿನದು. ಹಾಲಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು ಅಂತೀವಲ್ಲ. ಯಾಕೆ?"

"ಏನಿಲ್ಲ. ನಾನೂ ಹಂಗ ಓದಿದ್ದೆ. ನಮ್ಮ ಕಡೆ ಮುದುಕರಿಗೆ ಹಾಲಿ ಅಂದ್ರ ನಿಜಾಮನ ರೂಪಾಯಿ."

"ಹೈದರಾಬಾದ್ ಸಂಸ್ಥಾನದ ರೂಪಾಯಿ…" ಬಸವಕಿರಣನ ಗವಸಿನ ಕೈ ಅರ್ಧದಲ್ಲೇ ನಿಂತಿತು. ಕ್ಯಾಟಲಾಗಿನಲ್ಲಿ ಅದಕ್ಕೆ ಬೇರೆ ಹೆಸರು. ಹಳ್ಳಿಯ ಬಾಯಲ್ಲಿನ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ಒಮ್ಮೆ ವೈಜನಾಥನ ಕಡೆ ಹೊರಳಿ ವಾಪಸು ಬಂತು.

"ಡಬ್ಬಿ ಮುಚ್ಚಳ ಇನ್ನಾ ತಗದಿಲ್ಲ," ಎಂದಳು ಶೀತಲ್. "ಮೂವತ್ತೆರಡು, ಹದಿನೆಂಟು ಅಂತ ನಿಮಗ ಯಾರು ಹೇಳಿದ್ರು?"

"ವೈಜನಾಥ್ ಅವ್ರೇ. ಫೋನಲ್ಲಿ."

"ಹೂಂ, ನಾನ ಅಂದಾಜು ಹೇಳಿದ್ದೆ," ಎಂದ ವೈಜನಾಥ.

"ಅಂದಾಜು ಮೂವತ್ತೆರಡಾ ವೈಜಣ್ಣ? ಅಂದಾಜು ಅಂದ್ರ ಮೂವತ್ತು ಅಂತಾರ, ನಲವತ್ತು ಅಂತಾರ. ಮುಂಜಾನೆ ನನ್ನ ಮುಂದ ಎಣಿಸೇ ಇಲ್ಲ ಅಂದಿ."

"ಏ, ಚೀಟಿ ನೋಡಿ ಹೇಳಿದೆ! ನೀ ಟೈಪ್ ಮಾಡಾಕ ಬಂದೀಯೋ, ನನಗ ವಕೀಲಿ ಮಾಡಾಕ ಬಂದೀಯೋ?"

ಉತ್ತರ ಸಿಕ್ಕಿತು. ಚೀಟಿ ನೋಡಿ ಫೋನು ಮಾಡಿದ, ಆಗಬಹುದಾದದ್ದೇ. ಶೀತಲ್‌ಗೆ ತನ್ನ ಮೇಲೇ ಸಿಟ್ಟು ಬಂತು. ಹಿಡಿದೆ ಅಂದುಕೊಂಡ ಎಳೆ ಕೈಯಲ್ಲಿ ಪುಸಕ್ಕನೆ ಕಿತ್ತುಬಂದಿತ್ತು.

ಬಸವಕಿರಣ ಸುಧಾರಿಸಿಕೊಂಡಿದ್ದ. ಅವನು ಶೀತಲ್‌ಳನ್ನು ಬಿಟ್ಟು ಮಾಣಿಕಮ್ಮನ ಕಡೆ ಬಗ್ಗಿದ. ದನಿ ಬಹಳ ಮೃದುವಾಗಿತ್ತು.

"ಅಮ್ಮಾ, ಈ ಮೇಡಂಗೆ ಅನುಮಾನ. ಇವು ನಿಮ್ಮ ನಾಣ್ಯ ಅಲ್ವಂತೆ. ನೀವೇ ಹೇಳ್ಬಿಡಿ. ಇವು ನಿಮ್ಮವಲ್ಲ ಅಂದ್ರೆ, ನಿಮ್ಮವು ಎಲ್ಲಿ ಹೋದ್ವು?"

ಮಾಣಿಕಮ್ಮನ ಮುಖ ಬಿಳಿಚಿಕೊಂಡಿತು. ಎಡಗೈಯ ಹೆಬ್ಬೆರಳನ್ನು ಚಾಚಿ ಶಾಯಿ ಪ್ಯಾಡಿನ ಮೇಲೆ ಇಡಲು ಹೋದಳು.

ಶೀತಲ್ ಅವಳ ಮಣಿಕಟ್ಟು ಹಿಡಿದಳು. "ಆಯಿಗೆ ಚಕ್ಕರ ಬರಾಕತ್ತದ. ನೀರು ಕುಡಿಸಿ ತರ್ತೀನಿ." ವೈಜನಾಥ ಏಳುವ ಮೊದಲೇ ಅವಳನ್ನು ಎಳೆದುಕೊಂಡು ಹೊರಗೆ ಬಂದಳು.

ಓಣಿಯ ತುದಿಯಲ್ಲಿ ನೀರಿನ ಟಾಕಿ, ಅದರ ಮೇಲೆ ಸರಪಳಿ ಕಟ್ಟಿದ ಸ್ಟೀಲಿನ ಲೋಟ. ಮಾಣಿಕಮ್ಮ ನೀರು ಕುಡಿಯಲಿಲ್ಲ. ಗೋಡೆಗೆ ಆತು ಕುಸಿದು ಕೂತಳು.

"ಅವನಿಗೆ ಹ್ಯಾಂಗ ಗೊತ್ತಾತು ಶೀತಲಾ? ಆ ಮೈಸೂರು ಮನಷ್ಯಾಗ ಹ್ಯಾಂಗ ಗೊತ್ತಾತು?"

"ಏನು ಗೊತ್ತಾತು?"

"ಕಳವು ಆಗೇ ಇದ್ದಿದ್ದಿಲ್ಲ."

ಶೀತಲ್ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು.

"ದೀಪಾವಳಿ ಆದ ಮರುವಾರ ನಾನ ತಂದು ಮಾರಿದೆ. ಇಲ್ಲೇ, ಕಾಶಿರಾಮ ಸೇಠನ ಅಂಗಡ್ಯಾಗ. ಡಬ್ಬಿ ಸಹಿತ. ತೂಗಿದ, ರೊಕ್ಕ ಕೊಟ್ಟ, ಏನೂ ಕೇಳಲಿಲ್ಲ. ಅದಕ್ಕೇ ಅಲ್ಲೇ ಹೋಗಿದ್ದೆ. ದೀಪಾಲಿಗೆ ಬೇಕಾಗಿತ್ತು."

ದೀಪಾಲಿ ಅವಳ ಮಗಳು. ಗಂಡನನ್ನು ಬಿಟ್ಟು ಬಂದು ಚಿಟಗುಪ್ಪದಲ್ಲಿ ಖಾರ ಕುಟ್ಟುವ ಗಿರಣಿ ಹಾಕಿದ್ದಳು. ಬ್ಯಾಂಕಿನ ಸಾಲ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು.

"ವೈಜ್ಯಾ ಸೋಲಾಪುರ ಮಿಲ್ಲಿನಾಗ ಇದ್ದಾಗ, ತಂಗಿಗೆ ಒಂದು ದುಗ್ಗಾಣಿ ಕೊಟ್ರ ನನ್ನ ಹೆಣಾ ನೋಡ್ತಿ ಅಂದಿದ್ದ. ಅಪ್ಪನ ಡಬ್ಬಿ ಮಗಳದ್ದೂ ಹೌದಲ್ಲ? ಗಿರಣಿ ನನ್ನ ಹೆಸರಿಗೇ ಮಾಡ್ಯಾಳ, ಗಂಡನ ಮನಿಯವರು ಕೈ ಹಾಕಬಾರದಂತ. ಇಂವ ಕೆಲಸ ಬಿಟ್ಟು ಬಂದು ಡಬ್ಬಿ ಎಲ್ಲದ ಅಂದ. ಕಳವಾಗ್ಯದ ಅಂದುಬಿಟ್ಟೆ. ಇಂವ ಠಾಣೆಗೆ ಓಡಿದ."

"ಸೋಮವಾರ ಕಟ್ಟಿ ಮ್ಯಾಲ ಡಬ್ಬಿ ಬಂದಾಗ?"

"ನಮ್ಮ ಡಬ್ಬೀನ. ನಮ್ಮವರ ಅಕ್ಷರದ ಚೀಟೀನ. ಒಳಗಿನವು ನಮ್ಮವಲ್ಲ. ಹಳೇವು ಹದಿನೆಂಟೂ ತಾಮ್ರದವು ಇದ್ದವು. ಏನು ಹೇಳಲಿ? ಇವು ನಮ್ಮವಲ್ಲ ಅಂದ್ರ ನಮ್ಮವೆಲ್ಲಿ ಅಂತ ಕೇಳ್ತಾನ. ಗಿರಣಿ ಕಿತ್ತು ತರ್ತಾನ."

ಡಬ್ಬಿ ತಂದಿಟ್ಟವನಿಗೆ ಇದೆಲ್ಲ ಗೊತ್ತಿತ್ತು. ಈ ಹೆಂಗಸು ಬಾಯಿ ಬಿಡಲಾರಳು, ಏನು ಮುಂದಿಟ್ಟರೂ ನಂದೇ ಅನ್ನುತ್ತಾಳೆ ಎಂದು ಗೊತ್ತಿತ್ತು. ಚೀಟಿ ಕಾಶಿರಾಮನ ಅಂಗಡಿಯಿಂದ ಹೋಗಿರಬೇಕು. ಯಾರ ಕೈಗೆ?

"ಆಯಿ, ಕೇಳ್ರಿ. ಆ ಟಂಕಾ ನೆಲದಾಗ ಸಿಕ್ಕ ನಿಧಿ. ನಂದು ಅಂತ ಬೆರಳು ಒತ್ತಿದ್ರ ನೀವು ಜೈಲಿಗೆ. ಆ ಸುಳ್ಳು ಬರೆದ ಕಾಗದದ ಮ್ಯಾಲ ಒತ್ತಂಗಿಲ್ಲ ಅಂತ ಆಣಿ ಮಾಡ್ರಿ."

ಮಾಣಿಕಮ್ಮ ಕೊರಳಿನ ಲಿಂಗದ ಕರಡಿಗೆ ಮುಟ್ಟಿದಳು. "ಲಿಂಗದಾಣಿ. ಸುಳ್ಳು ಬರೆದ ಕಾಗದದ ಮ್ಯಾಲ ಒತ್ತಂಗಿಲ್ಲ."

"ಹೊಟ್ಟಿ ನೋವು ಅನ್ರಿ, ಏನರೆ ಅನ್ರಿ. ಅರ್ಧ ತಾಸಿನಾಗ ಬರ್ತೀನಿ."

ಸರಾಫ ಬಜಾರು ಹತ್ತು ಹೆಜ್ಜೆಯ ದೂರ. ಕಾಶಿರಾಮ ಸೇಠ್ ಗಾದಿಯ ಮೇಲೆ ಕೂತು ಕಾಲ್ಗೆಜ್ಜೆಯ ಕೊಂಡಿ ಒತ್ತುತ್ತಿದ್ದ.

"ಮಂಠಾಳದ ಮಾಣಿಕಮ್ಮನ ನಾಣ್ಯ? ಕರಗಿ ಗೆಜ್ಜಿ ಆಗಿ, ಗೆಜ್ಜಿ ಯಾವಳದೋ ಕಾಲಿಗೆ ಹೋಗಿ, ಆಕಿ ಬಸುರಾಗಿ ತವರಿಗೂ ಹೋಗಿರಬೇಕು. ಈಗ ಬಂದು ಕೇಳ್ತಿ?"

"ನಾಣ್ಯ ಅಲ್ರಿ ಸೇಠ್‌ಜಿ. ಡಬ್ಬಿ. ಅದರಾಗ ಒಂದು ಚೀಟಿ ಇತ್ತು."

"ಅದಾ?" ಕಾಶಿರಾಮ ಕೊಂಡಿ ಕೆಳಗಿಟ್ಟ. "ಸಂಕ್ರಾಂತಿ ಆಗಿ ನಾಕು ದಿನಕ್ಕ ಕೊಟ್ಟು ಕಳಿಸಿದೆನಲ್ಲ. ಖಾಲಿ ಡಬ್ಬಿ ಇಟ್ಕೊಂಡು ನಾ ಏನು ಮಾಡ್ಲಿ? ಅಪ್ಪನ ಅಕ್ಷರ ಅದ, ನೆನಪಿಗೆ ಇರಲಿ ಅಂತ ಕೈ ಮುಗಿದ. ಕಣ್ಣಾಗ ನೀರು ಬ್ಯಾರೆ. ಅವ್ವ ಮಾರಿದ್ದು ನನಗ ಗೊತ್ತದ ಅಂತ ಆಕಿ ಮುಂದ ಹೇಳಬ್ಯಾಡ್ರಿ, ಮುದುಕಿ ನೊಂದುಕೋತಾಳ ಅಂದ. ಅಂಥಾ ಮಗ ಸಿಗಬೇಕು ನೋಡು."

"ಯಾವ ಮಗ?"

"ಎಷ್ಟು ಮಂದಿ ಅದಾರ ಆಕಿಗೆ? ವೈಜನಾಥ."

ಶೀತಲ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಒಂದು ತಿಂಗಳಿಂದ ಅವನಿಗೆ ಗೊತ್ತಿತ್ತು. ಅವ್ವನ ಸುಳ್ಳು, ಸುಳ್ಳಿನ ಹಿಂದಿನ ಭಯ, ಎಲ್ಲವೂ. ಡಬ್ಬಿ, ಚೀಟಿಯನ್ನು ಬಸವಕಿರಣನ ಕೈಗಿಟ್ಟು ತುಂಬಿಸಿಕೊಂಡು, ಅವಳ ಬಾಯಿಗೆ ಅವಳದೇ ಸುಳ್ಳನ್ನು ತುರುಕಿ, ಅವಳ ಹೆಸರಿನಲ್ಲಿ ಯಾರದೋ ನಿಧಿ ಮಾರಲು ಹೊರಟಿದ್ದ. ಆ ಕೋಣೆಯಲ್ಲಿ ಅವಳನ್ನು ಅವನ ಜೊತೆಗೇ ಬಿಟ್ಟು ಬಂದವಳು ಶೀತಲ್.

ಲಾಡ್ಜಿನ ಕೋಣೆಯ ಬಾಗಿಲು ತೆರೆದಿತ್ತು. ಭೂತಗನ್ನಡಿ ಇಲ್ಲ, ಕಾಗದದ ಕಟ್ಟಿಲ್ಲ, ಡಬ್ಬಿ ಇಲ್ಲ. ಬಸವಕಿರಣ ಇಲ್ಲ, ವೈಜನಾಥ ಇಲ್ಲ. ಮಂಚದ ತುದಿಯಲ್ಲಿ ಮಾಣಿಕಮ್ಮ ಒಬ್ಬಳೇ ಕೂತು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಆಯಿ! ಲಿಂಗದಾಣಿ ಮಾಡಿದ್ರಿ!"

"ಮುರಿದಿಲ್ಲವ್ವಾ." ಮಾಣಿಕಮ್ಮನ ಮುಖದಲ್ಲಿ ಗೆದ್ದವಳ ಸಮಾಧಾನವಿತ್ತು. "ಸುಳ್ಳು ಬರೆದದ್ದರ ಮ್ಯಾಲ ಒತ್ತಿಲ್ಲ. ಬ್ಯಾಡ ಅಂದೆ. ವೈಜ್ಯಾನೂ ಒಪ್ಪಿಕೊಂಡ. ಆತು ಬಿಡವ್ವಾ, ಡಬ್ಬಿ ಸಾಹೇಬ್ರಿಗೇ ಕೊಟ್ಟುಬಿಡೋಣು, ಕೊಟ್ಟಿದ್ದಕ್ಕ ಒಂದು ಬೆರಳು ಒತ್ತು ಸಾಕು ಅಂದ."

ಶೀತಲ್ ಚೀಲ ತೆರೆದು ನೋಡಿದಳು. ಅವಳು ಟೈಪ್ ಮಾಡಿದ ಅಫಿಡವಿಟ್ ಮಡಚಿದ ಹಾಗೆಯೇ ಇತ್ತು.

"ಯಾವ ಕಾಗದದ ಮ್ಯಾಲ ಒತ್ತಿದ್ರಿ? ಅದರಾಗ ಏನು ಬರೆದಿತ್ತು?"

"ಏನೂ ಬರೆದಿದ್ದಿಲ್ಲ! ಓದಾಕ ಬರದಿದ್ರೂ ಅಕ್ಷರ ಅದಾವೋ ಇಲ್ಲೋ ಕಾಣಂಗಿಲ್ಲೇನು? ತಿರುವಿ ಮುರುವಿ ನೋಡೀನಿ. ಮ್ಯಾಲ ಸರ್ಕಾರದ ಮುದ್ರಿ ಇದ್ದ ಬಾಂಡ್ ಕಾಗದ, ಕೆಳಗೆಲ್ಲ ಖಾಲಿ. ಖಾಲಿ ಕಾಗದದಾಗ ಸುಳ್ಳು ಎಲ್ಲಿಂದ ಬರ್ತದ?"

ಶೀತಲ್ ಚೀಲ ಕೆಳಗಿಟ್ಟು ಅವಳ ಮುಂದೆ ಕೂತಳು.

"ಒಂದೇ ಕಾಗದಾನಾ ಆಯಿ?"

"ಎರಡು. ಒಂದು ಸಾಹೇಬ್ರು ಒಯ್ದರು."

"ಇನ್ನೊಂದು?"

ಮಾಣಿಕಮ್ಮನ ಕೈ ಸೆರಗಿನಲ್ಲೇ ನಿಂತಿತು. ಹುಬ್ಬು ಗಂಟಾಯಿತು.

"ವೈಜ್ಯಾ ಅಂಗಿ ಕಿಸೇದಾಗ ಇಟ್ಕೊಂಡ. ಕೆಳಗ ನಿಂತಿದ್ದ ಬಸ್ಸಿಗೆ ಓಡಿದ. ನಾ ಕಿಟಕಿಯಾಗಿಂದ ಕೂಗಿದೆ, ಎಲ್ಲಿಗೋ ಅಂತ. ಚಿಟಗುಪ್ಪಕ್ಕ ಅಂದ." ಅವಳು ಶೀತಲ್‌ಳ ಮುಖವನ್ನೇ ನೋಡಿದಳು. "ಚಿಟಗುಪ್ಪದಾಗ ಅವನಿಗೇನು ಕೆಲಸ ಶೀತಲಾ?"